ಏಳು ವಾರದ ಮಗುವಿನ ಕತ್ತು ಬಲಕ್ಕೆ ವಾಲಿದೆ, ಎಣ್ಣೆ ಹಚ್ಚಿ ನೀವಿದರೆ ಸರಿಹೋಗುತ್ತದೆಯೇ?

ನೀವು ಬರೆದಿರುವ ಪ್ರಕಾರ ಮಗುವಿನ ತಲೆ ಬಲಭುಜದ ಕಡೆ ವಾಲಿದೆ, ಮುಖ ಎಡಕ್ಕೆ ತಿರುಗಿರುತ್ತದೆ, ಬಲಗತ್ತಿನಲ್ಲಿ ಅವರೆಕಾಳಿನಷ್ಟು ಗಂಟು ಸಿಗುತ್ತದೆ. 52 ವರ್ಷದ ನಿಮ್ಮ ಮಾವನವರ ಕತ್ತೂ ತಾನಾಗಿ ತಿರುಚಿಕೊಳ್ಳುವುದರಿಂದ ಅದೇ ಮಗುವಿಗೂ ಬಂತೇ ಎಂದು ಕೇಳಿದ್ದೀರಿ. ಅದಕ್ಕೆ ಮೊದಲು ಉತ್ತರಿಸುತ್ತೇನೆ: ಇಲ್ಲ. ನೋಡಲು ಒಂದೇ ಥರ ಕಂಡರೂ ಮಗುವಿನದು ಸ್ನಾಯುವಿನ ತೊಂದರೆ, ಮಾವನವರದು ಬಹುಶಃ ಮೆದುಳು ಕೊಡುವ ತಪ್ಪು ಸೂಚನೆ.

ಕಿವಿಯ ಹಿಂದಿನ ಮೂಳೆಯಿಂದ ಕೊರಳ ಮೂಳೆಯವರೆಗೆ ಓರೆಯಾಗಿ ಇಳಿಯುವ ಸ್ನಾಯುವಿಗೆ ಸ್ಟರ್ನೋಮಾಸ್ಟಾಯ್ಡ್ ಎನ್ನುತ್ತಾರೆ. ಬಲಗಡೆಯದು ಗಿಡ್ಡವಾದರೆ ಬಲಕಿವಿ ಭುಜದತ್ತ ಇಳಿಯುತ್ತದೆ, ಗದ್ದ ಎಡಕ್ಕೆ ಹೋಗುತ್ತದೆ. ಗರ್ಭದಲ್ಲಿ ಜಾಗ ಸಾಲದೆ ಇದ್ದ, ಕಾಲು ಕೆಳಗಾಗಿದ್ದ ಅಥವಾ ಹೆರಿಗೆ ಕಷ್ಟವಾದ ಮಕ್ಕಳಲ್ಲಿ ಇದು ಹೆಚ್ಚು. ಗಂಟು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕೆ ಕೈಗೆ ಸಿಗುತ್ತದೆ, ಕೆಲವು ತಿಂಗಳಲ್ಲಿ ತಾನೇ ಕರಗುತ್ತದೆ. ಅದು ಕ್ಯಾನ್ಸರ್ ಅಲ್ಲ, ನಾರಿನಂತೆ ಗಟ್ಟಿಯಾದ ಸ್ನಾಯು. ತಿಕ್ಕಿದರೆ ಬೇಗ ಕರಗುವುದಿಲ್ಲ. ಎಣ್ಣೆಸ್ನಾನ ಮಾಡಿಸಿ, ಬೇಡವೆನ್ನುವುದಿಲ್ಲ. ಆದರೆ ನೀರು ಹಾಕುವವರು ಗಂಟನ್ನು ಒತ್ತುವುದು, ಗದ್ದ ಹಿಡಿದು ತಲೆಯನ್ನು ಮೇಲಕ್ಕೆ ಎಳೆಯುವುದು ಖಂಡಿತ ಬೇಡ.

ವ್ಯಾಯಾಮಕ್ಕೂ ಮುಂಚೆ ಮಕ್ಕಳ ವೈದ್ಯರಿಗೆ ತೋರಿಸಿ. ಕತ್ತಿನ ಸ್ಕ್ಯಾನಿಂಗ್‌ನಲ್ಲಿ ಗಂಟು ಯಾವುದೆಂದು ಗೊತ್ತಾಗುತ್ತದೆ. ಸೊಂಟದ ಕೀಲನ್ನೂ ನೋಡಲು ಹೇಳಿ, ಏಕೆಂದರೆ ಇಂಥ ಕೆಲವು ಮಕ್ಕಳಲ್ಲಿ ಅದೂ ಸಡಿಲವಾಗಿರುತ್ತದೆ, ನಡೆಯುವ ತನಕ ಯಾರ ಗಮನಕ್ಕೂ ಬರುವುದಿಲ್ಲ. ಗಂಟೂ ಇಲ್ಲ, ಬಿಗಿತವೂ ಇಲ್ಲ, ಆದರೂ ತಲೆ ವಾಲುತ್ತದೆ ಎಂದರೆ ಕತ್ತಿನ ಮೂಳೆ ಅಥವಾ ಕಣ್ಣಿನ ದೋಷ ಇರಬಹುದು. ಮೂಳೆಯ ದೋಷವಿದ್ದರೆ ಎಳೆಯುವ ವ್ಯಾಯಾಮ ಅಪಾಯ.

ಸ್ನಾಯುವಿನದೇ ಎಂದು ಖಚಿತವಾದ ಮೇಲೆ, ಫಿಸಿಯೋಥೆರಪಿಸ್ಟ್ ಎದುರಿಗೇ ಒಮ್ಮೆ ಕೈಯಾರೆ ಮಾಡಿ ಕಲಿಯಿರಿ. ಇಬ್ಬರಿದ್ದರೆ ಸುಲಭ. ಮಗುವನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ, ಒಬ್ಬರು ಬಲಭುಜ ಮೇಲೇಳದಂತೆ ಮೆತ್ತಗೆ ಹಿಡಿಯಲಿ. ಇನ್ನೊಬ್ಬರು ತಲೆಯನ್ನು ಎರಡೂ ಅಂಗೈಯಲ್ಲಿಟ್ಟು ಎಡಕಿವಿಯನ್ನು ಎಡಭುಜದತ್ತ ನಿಧಾನವಾಗಿ ಬಾಗಿಸಬೇಕು. 30 ಸೆಕೆಂಡ್ ಹಿಡಿದು ಬಿಡಿ, ಹೀಗೆ ಮೂರು ಸಲ. ಆಮೇಲೆ ಎದೆ ಮತ್ತು ಎಡಭುಜ ಏಳದಂತೆ ನೋಡಿಕೊಂಡು ಗದ್ದವನ್ನು ಬಲಭುಜದತ್ತ ತಿರುಗಿಸಿ, ಅದೂ 30 ಸೆಕೆಂಡ್, ಮೂರು ಸಲ. ಬಟ್ಟೆ ಬದಲಿಸುವಾಗಲೆಲ್ಲ ಮಾಡಿದರೆ ದಿನಕ್ಕೆ ಐದಾರು ಸಲ ಆಗಿಬಿಡುತ್ತದೆ. ಹಾಲು ಕುಡಿದ ಕೂಡಲೇ ಬೇಡ, ಕಕ್ಕುತ್ತದೆ. ಜೋರಾಗಿ ಅತ್ತು ಬಿಗಿಹಿಡಿದರೆ ನಿಲ್ಲಿಸಿ; ಎದುರು ಬಿಗಿಹಿಡಿದ ಸ್ನಾಯು ಉದ್ದವಾಗುವುದಿಲ್ಲ. ಮೈಬಣ್ಣ ಬದಲಾದರೆ, ಉಸಿರು ತಡೆದರೆ ತಕ್ಷಣ ಬಿಡಿ.

ವ್ಯಾಯಾಮಕ್ಕಿಂತ ಹೆಚ್ಚು ಕೆಲಸ ಮಾಡುವುದು ಉಳಿದ ಸಮಯ ಎಂದು ನಾನು ನಂಬುತ್ತೇನೆ. ತೊಟ್ಟಿಲನ್ನು ಹೇಗಿಡಬೇಕೆಂದರೆ ಬೆಳಕು, ಬಾಗಿಲು, ನಿಮ್ಮ ದನಿ ಎಲ್ಲವೂ ಮಗುವಿನ ಬಲಗಡೆ ಇರಬೇಕು. ಗಿಲಕಿಯನ್ನೂ ಬಲಗಡೆಯಿಂದಲೇ ಆಡಿಸಿ. ಎತ್ತಿಕೊಳ್ಳುವಾಗ ಮಗುವಿನ ಬೆನ್ನು ನಿಮ್ಮ ಎದೆಗೆ ತಾಗುವಂತೆ, ಬಲಮಗ್ಗುಲು ಕೆಳಗೆ ಬರುವಂತೆ ಅಡ್ಡಲಾಗಿ ಹಿಡಿದು, ಒಂದು ಮುಂಗೈಯನ್ನು ಅದರ ಬಲಕಿವಿ ಮತ್ತು ಬಲಭುಜದ ನಡುವೆ ಕೊಡಿ. ಆಗ ತಲೆ ಎತ್ತಲು ಅದೇ ಪ್ರಯತ್ನಿಸುತ್ತದೆ, ಎಡಗಡೆಯ ದುರ್ಬಲ ಸ್ನಾಯು ಬಲವಾಗುತ್ತದೆ. ಎಚ್ಚರವಿದ್ದಾಗ ಮೂರರಿಂದ ಐದು ನಿಮಿಷ, ದಿನಕ್ಕೆ ಹಲವು ಸಲ ಬೋರಲು ಮಲಗಿಸಿ, ಪಕ್ಕದಲ್ಲೇ ಇರಿ. ನಿದ್ದೆಗೆ ಮಾತ್ರ ಯಾವಾಗಲೂ ಅಂಗಾತ. ತಲೆಯ ಹಿಂಭಾಗ ಎಡಗಡೆ ಚಪ್ಪಟೆಯಾಗಿದ್ದರೆ ಮುಖ ಸದಾ ಎಡಕ್ಕಿರುವುದೇ ಕಾರಣ; ಅದಕ್ಕೆಂದು ಸಾಸಿವೆ ದಿಂಬು ಇಟ್ಟು ಮಲಗಿಸಬೇಡಿ. ಮೂಗಿಗೆ ಅಡ್ಡ ಬಂದರೆ ಉಸಿರು ಕಟ್ಟಬಹುದು.

ಮೂರು ತಿಂಗಳೊಳಗೆ ಶುರುಮಾಡಿದರೆ ಬಹುಪಾಲು ಮಕ್ಕಳಿಗೆ ಇಷ್ಟೇ ಸಾಕಾಗುತ್ತದೆ. ಸ್ವಲ್ಪ ನೆಟ್ಟಗಾದ ಕೂಡಲೇ ಕೈಬಿಡುವುದೇ ದೊಡ್ಡ ತಪ್ಪು. ಜ್ವರ ಬಂದಾಗ, ಹಲ್ಲು ಬರುವಾಗ ವಾಲುವುದು ಮರಳಬಹುದು, ಗಾಬರಿ ಬೇಡ, ಮುಂದುವರಿಸಿ. ವರ್ಷ ತುಂಬಿದರೂ ಬಿಗಿತ ಉಳಿದರೆ ಆಗ ಶಸ್ತ್ರಚಿಕಿತ್ಸೆಯ ಮಾತು.

ದೊಡ್ಡ ಮಗುವಿಗೆ ಗಂಟಲುನೋವು, ಜ್ವರದ ಜೊತೆಗೆ ಅಥವಾ ಟಾನ್ಸಿಲ್ ತೆಗೆಸಿದ ಮೇಲೆ ಕತ್ತು ತಟ್ಟನೆ ಸೊಟ್ಟಗಾದರೆ ಅದು ಬೇರೆಯೇ ಸಂಗತಿ. ಮೇಲಿನ ಎರಡು ಕತ್ತಿನ ಮೂಳೆಗಳು ಜರುಗಿರಬಹುದು, ಗಂಟಲ ಹಿಂದೆ ಕೀವು ಕಟ್ಟಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ, ಜೊಲ್ಲು ನುಂಗಲಾಗದಿದ್ದರೆ ತಕ್ಷಣ. ವಾಂತಿ, ತಲೆನೋವು, ತೂರಾಡುವ ನಡಿಗೆ ಇದ್ದರೂ ಕಾಯಬೇಡಿ.

ಇನ್ನು ಮಾವನವರು. ರಾತ್ರಿ ಮಲಗಿ ಬೆಳಿಗ್ಗೆ ಕತ್ತು ಹಿಡಿದುಕೊಳ್ಳುವುದಾದರೆ ಬಿಸಿಶಾಖ, ಮೆಲ್ಲನೆ ಆಡಿಸುವುದು, ಒಂದೆರಡು ವಾರ, ಅಷ್ಟೇ. ಕ್ಷೌರದಂಗಡಿಯಲ್ಲಿ ಲಟಕ್ ಎನ್ನಿಸಿಕೊಳ್ಳಬಾರದು. ಮೆದುಳಿಗೆ ಹೋಗುವ ರಕ್ತನಾಳ ಸೀಳಿ ಪಾರ್ಶ್ವವಾಯು ಆದವರಿದ್ದಾರೆ. ಆದರೆ ತಿಂಗಳುಗಟ್ಟಲೆ ತಾನಾಗಿ ತಿರುಗುತ್ತಿದ್ದು, ಗದ್ದಕ್ಕೆ ಬೆರಳು ಮುಟ್ಟಿಸಿದರೆ ನೆಟ್ಟಗಾಗಿ, ನಿದ್ದೆಯಲ್ಲಿ ಕಡಿಮೆಯಾಗುತ್ತಿದ್ದರೆ ಅದು ಕತ್ತಿನ ಡಿಸ್ಟೋನಿಯಾ, ಅಂದರೆ ಮೆದುಳಿನ ತಪ್ಪು ಸೂಚನೆಯಿಂದ ಸ್ನಾಯು ತಾನಾಗಿ ಬಿಗಿಯುವ ಕಾಯಿಲೆ ಇರಬಹುದು. ನರರೋಗ ತಜ್ಞರು ಬಿಗಿಯಾದ ಸ್ನಾಯುಗಳಿಗೆ ಅವನ್ನು ಸಡಿಲಿಸುವ ಬೊಟುಲಿನಮ್ ಚುಚ್ಚುಮದ್ದು ಕೊಡುತ್ತಾರೆ. ಪರಿಣಾಮ ಒಂದೆರಡು ವಾರದಲ್ಲಿ ಕಾಣುತ್ತದೆ, ಸುಮಾರು ಮೂರು ತಿಂಗಳಿಗೊಮ್ಮೆ ಮತ್ತೆ ಬೇಕು. ಕೆಲವರಿಗೆ ಕೆಲವು ವಾರ ನುಂಗಲು ಕಷ್ಟವಾಗುತ್ತದೆ, ಅದನ್ನು ಮೊದಲೇ ತಿಳಿದಿರಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇಂಥವರಿಗೆ ಚಿಕಿತ್ಸೆ ಇದೆ. ಹೋಗುವಾಗ ಅವರ ಎಲ್ಲ ಮಾತ್ರೆಗಳ ಚೀಟಿ ಒಯ್ಯಿರಿ: ವಾಂತಿ ನಿಲ್ಲಿಸುವ ಮೆಟೊಕ್ಲೋಪ್ರಮೈಡ್, ಮಾನಸಿಕ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್‌ನಂಥ ಔಷಧಗಳಿಂದಲೂ ಕತ್ತು ತಿರುಚುತ್ತದೆ. ಕೇಳದೆ ಯಾವುದನ್ನೂ ನಿಲ್ಲಿಸಬೇಡಿ.