ಓದುಗರ ಪ್ರಶ್ನೆ: ಧರ್ಮಕ್ಕೊಂದು ಬ್ಲಡ್ ಗ್ರೂಪ್ ಉಂಟಾ?

ಪ್ರಶ್ನೆ: ನಮ್ಮೂರ ಯುವಕ ಮಂಡಲದವ್ರು ರಕ್ತದಾನ ಶಿಬಿರ ಮಾಡಿದ್ರು. ಲಿಸ್ಟ್ ನೋಡಿದ್ರೆ ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಅಂತ ಒಂದೊಂದು ಕಡೆ ಒಂದೊಂದು ಗ್ರೂಪ್ ಜಾಸ್ತಿ ಇದ್ದ ಹಾಗೆ ಕಾಣ್ತು. ಧರ್ಮಕ್ಕೂ ರಕ್ತಕ್ಕೂ ಸಂಬಂಧ ಇದ್ಯಾ ಸಾರ್? ನಾವೇ ಒಂದು ಸರ್ವೆ ಮಾಡ್ಬಹುದಾ?
– ಒಬ್ಬ ಓದುಗ, ಪೆರ್ಲ, ಕಾಸರಗೋಡು

ಉತ್ತರ: ಧರ್ಮ ಬದಲಾಯಿಸಿದ್ರೆ ಜೀನ್ ಏನೂ ಬದಲಾಗಲ್ಲ ಮಾರಾಯ್ರೆ. ಹೆಣ್ಣು ಕೊಡೋದು ತರೋದು ಯಾರ ಜೊತೆ ಅನ್ನೋದೇ ಇಲ್ಲಿ ಮುಖ್ಯ, ತಲೆಮಾರುಗಟ್ಲೆ ತಮ್ಮತಮ್ಮೊಳಗೇ ಮದುವೆ ಆದ್ರೆ ಮೊದಲು ಬಂದು ನೆಲೆಸಿದ ನಾಲ್ಕು ಮನೆಯವರ ಜೀನೇ ಊರಿಡೀ ಹರಡ್ತದೆ, ಅದ್ರಲ್ಲಿ ಯಾವುದು ಹೆಚ್ಚಾಯ್ತು ಯಾವುದು ಕಮ್ಮಿ ಆಯ್ತು ಅನ್ನೋದು ಬಹುಪಾಲು ಅದೃಷ್ಟ.

ನಿಮ್ಮ ಕಡೆಯದ್ದೇ ನೋಡಿ. ಹವ್ಯಕರು, ಬಂಟರು, ತೀಯರು, ಕೊರಗರು ಎಲ್ರೂ ಲಿಸ್ಟಲ್ಲಿ 'ಹಿಂದೂ', ಆದ್ರೆ ಇವರ ನಡುವೆ ಮದುವೆ ನಡೀತಾ ಇದ್ದದ್ದು ಉಂಟಾ? ಅತ್ತ ಮಂಜೇಶ್ವರದ ಕೊಂಕಣಿ ಸಾರಸ್ವತರು, ಕೊಂಕಣಿ ಕ್ಯಾಥೊಲಿಕರು ಇಬ್ಬರ ಹಿರಿಯರೂ ಗೋವಾ ಕಡೆಯಿಂದ ಬಂದವ್ರು, ಧರ್ಮದ ಕಾಲಂ ಮಾತ್ರ ಬೇರೆ. ಹಾಗಾಗಿ ಧರ್ಮ ಹಿಡಿದು ಗುಂಪು ಮಾಡಿದ್ರೆ ಲೆಕ್ಕ ಕಲಸುಮೇಲೋಗರ ಆಗ್ತದೆ.

ಇನ್ನೊಂದು, ಗ್ರೂಪಿನ ಪರ್ಸೆಂಟೇಜ್ ಬೇರೆ, ಜೀನಿನ ಪ್ರಮಾಣ ಬೇರೆ. ಅಪ್ಪನಿಂದ ಒಂದು ಅಮ್ಮನಿಂದ ಒಂದು ಜೀನ್ ಬರ್ತದಲ್ಲ, ಎರಡೂ ಓ ಆದ್ರೇನೇ ಆಸಾಮಿ ಓ ಗ್ರೂಪು. ಉದಾಹರಣೆಗೆ ನೂರರಲ್ಲಿ 36 ಜನ ಓ ಇದ್ರೆ ಓ ಜೀನಿನ ಪ್ರಮಾಣ 0.36ರ ವರ್ಗಮೂಲ, ಅಂದ್ರೆ 0.6 (0.6ನ್ನು 0.6ರಿಂದ ಗುಣಿಸಿದ್ರೆ 0.36), ಪಕ್ಕದ ಸಮುದಾಯದಲ್ಲಿ 49 ಇದ್ರೆ 0.7. ಉಳಿದ ಓ ಜೀನೆಲ್ಲ ಎ, ಬಿ ಗ್ರೂಪಿನವರ ಒಳಗೆ ಅಡಗಿರ್ತದೆ. 1924ರಲ್ಲಿ ಬರ್ನ್‌ಸ್ಟೈನ್ ಅನ್ನೋ ಜರ್ಮನ್ ಗಣಿತಜ್ಞ ಈ ಎ, ಬಿ, ಓ ಮೂರು ಜೀನಿನ ಲೆಕ್ಕ ಕೊಟ್ಟದ್ದು. ಸೋದರಿಕೆ ಮದುವೆ ಜಾಸ್ತಿ ಇರೋ ಕಡೆ ಮಾತ್ರ ಈ ವರ್ಗಮೂಲ ಸ್ವಲ್ಪ ದಾರಿ ತಪ್ಪಿಸ್ತದೆ, ಯಾಕಂದ್ರೆ ಜೀನಿನ ಪ್ರಮಾಣ ಅಷ್ಟೇ ಇದ್ರೂ ಒಂದೇ ತರದ ಎರಡು ಜೀನ್ ಸೇರೋದು ಹೆಚ್ಚಾಗ್ತದೆ.

ದೂರದ ಊರುಗಳ ನಡುವೆ ವ್ಯತ್ಯಾಸ ದೊಡ್ಡದೇ. ಒಂದನೇ ಮಹಾಯುದ್ಧದ ಟೈಮಲ್ಲಿ ಗ್ರೀಸಿನ ಸಲೋನಿಕಾದಲ್ಲಿದ್ದ ಹಿರ್ಶ್‌ಫೆಲ್ಡ್ ಅನ್ನೋ ಡಾಕ್ಟರ್ ದಂಪತಿ ಸೈನಿಕರ ರಕ್ತ ನೋಡಿ 1919ರಲ್ಲಿ ಪ್ರಕಟಿಸಿದ್ರು: ಬಿ ಗ್ರೂಪು ಇಂಗ್ಲಿಷರಲ್ಲಿ ನೂರಕ್ಕೆ ಸುಮಾರು 7, ಭಾರತೀಯರಲ್ಲಿ ಸುಮಾರು 41. ಆದ್ರೆ ಪೆರ್ಲದ ಈ ಮನೆ ಆ ಮನೆ ನಡುವೆ ಅಂಥದ್ದೇನು ಹುಡುಕ್ತೀರಿ, ಎಲ್ಲ ಸಮುದಾಯದಲ್ಲೂ ಎಲ್ಲ ಗ್ರೂಪಿನವ್ರೂ ಇರ್ತಾರೆ, ಹೆಚ್ಚು ಕಮ್ಮಿ ಅಷ್ಟೆ.

ಶಿಬಿರದ ಲಿಸ್ಟ್ ಸರ್ವೆಗೆ ಆಗಲ್ಲ. ಒಂದೇ ಮನೆಯ ಅಣ್ಣತಮ್ಮಂದಿರು, ಭಾವ ಎಲ್ಲ ಒಟ್ಟಿಗೆ ಬಂದಿರ್ತಾರೆ, ನೆಗೆಟಿವ್ ಗ್ರೂಪಿನವರನ್ನ ಫೋನ್ ಮಾಡಿ ಕರೆಸಿರ್ತಾರೆ. ಮಾಡೋದೇ ಆದ್ರೆ ಒಪ್ಪಿಗೆ ತಗೊಂಡು, ಸಂಬಂಧಿಕರಲ್ಲದ ಮನೆಗಳಿಂದ ಮನೆಗೊಬ್ಬರನ್ನೇ ಲೆಕ್ಕ ಮಾಡಿ. ಧರ್ಮದ ಕಾಲಂ ಬದಲು ತಂದೆ ತಾಯಿ ಇಬ್ಬರದ್ದೂ ಸಮುದಾಯ, ಊರು ಬರೀರಿ, ಹೆಸರು ಬೇಡ, ಮತ್ತೆ ಒಂದೊಂದು ಸಮುದಾಯದಿಂದ ಕೆಲವು ನೂರು ಜನನಾದ್ರೂ ಆಗೋ ತನಕ ವಾಟ್ಸಾಪಲ್ಲಿ ಹಾಕ್ಬೇಡಿ.