ಹೆರಿಗೆ ನೋವು ಶುರುವಾಗಿದೆ ಅಂತ ಗುರುತಿಸುವುದನ್ನು ಬಸುರಿಯರಿಗೆ ಹೇಗೆ ಕಲಿಸುವುದು?

ಲಕ್ಷಣಗಳನ್ನೆಲ್ಲ ಹೇಳಿಕೊಟ್ಟರೂ ಕೆಲವರು ಸುಳ್ಳು ನೋವಿಗೇ ಓಡಿ ಬರುತ್ತಾರೆ, ಇನ್ನು ಕೆಲವರು ತೀರಾ ತಡ ಮಾಡುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನು ಹೆರಿಗೆ ವಾರ್ಡಿನಲ್ಲಿ ನರ್ಸ್. ನನಗನ್ನಿಸುವಂತೆ ತೊಂದರೆ ಇರುವುದೇ ಆ ಪಟ್ಟಿಯಲ್ಲಿ. "ಹೊಟ್ಟೆ ಬಿಗಿಯುತ್ತೆ, ಸೊಂಟ ನೋಯುತ್ತೆ" ಅಂದರೆ, ಕೊನೆಯ ತಿಂಗಳುಗಳಲ್ಲಿ ಎಷ್ಟೋ ಜನಕ್ಕೆ ದಿನವೂ ಆಗುವುದು ಅದೇ ತಾನೇ? ಹೊತ್ತು ಕಳೆದಂತೆ ಆ ನೋವು ಏನಾಗುತ್ತದೆ ಅನ್ನುವುದನ್ನು ನೋಡಲು ಕಲಿಸಬೇಕು. ಅದಕ್ಕೆ ಬೇಕಾದದ್ದು ಒಂದು ಕೈ, ಒಂದು ಗಡಿಯಾರ.

ಮೊದಲು ಕೈ. ಹೊಕ್ಕುಳಿಗಿಂತ ಮೇಲೆ ಅಂಗೈ ಇಡಿಸಿ. ಬಿಗಿತ ಬಂದಾಗ ಬೆರಳ ತುದಿಯಿಂದ ಮೆಲ್ಲಗೆ ಒತ್ತಿ ನೋಡಲಿ. ಮೂಗಿನ ತುದಿಯಷ್ಟು ಮೆತ್ತಗಿದ್ದರೆ ನೋವಿನ್ನೂ ಹಗುರ. ಗದ್ದದಷ್ಟು ಗಟ್ಟಿಯಾದರೆ ಬಲ ಬರುತ್ತಿದೆ. ಹಣೆಯಷ್ಟು ಗಟ್ಟಿಯಾಗಿ ಬೆರಳು ಒಳಗೇ ಹೋಗದಿದ್ದರೆ ಜೋರು ನೋವು. ಒಮ್ಮೆ ತಮ್ಮ ಮುಖವನ್ನೇ ಮುಟ್ಟಿ ನೋಡಿಕೊಂಡರೆ ಸಾಕು, ಮತ್ತೆ ಮರೆಯುವುದಿಲ್ಲ. ಎರಡು ನೋವಿನ ನಡುವೆ ಮಾತ್ರ ಹೊಟ್ಟೆ ಸಡಿಲವಾಗಲೇಬೇಕು. ಬಿಡುವೇ ಇಲ್ಲದೆ ಗಟ್ಟಿಯಾಗಿಯೇ ಇದ್ದರೆ ಲೆಕ್ಕ ಹಾಕುತ್ತ ಕೂರುವಂತಿಲ್ಲ, ಕೂಡಲೇ ಹೊರಡಬೇಕು.

ಗಡಿಯಾರದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಒಂದು ನೋವು ಮುಗಿದಾಗಿನಿಂದ ಮುಂದಿನದು ಬರುವವರೆಗೆ ಎಣಿಸುತ್ತಾರೆ. ಎಣಿಸಬೇಕಾದದ್ದು ಒಂದರ ಶುರುವಿನಿಂದ ಇನ್ನೊಂದರ ಶುರುವಿಗೆ. ನಾನು ಅವರ ಮುಂದೆ ಮುಷ್ಟಿ ಬಿಗಿದು, ಬಿಟ್ಟು, ಮತ್ತೆ ಬಿಗಿದು ತೋರಿಸುತ್ತೇನೆ, ಅವರು ಬರೆದುಕೊಳ್ಳುತ್ತಾರೆ. ಪೆನ್ನು ಜೊತೆಗೆ ಬಂದ ಗಂಡನ ಕೈಗೋ ಅಮ್ಮನ ಕೈಗೋ ಕೊಡಿ. ನೋವು ತಿನ್ನುತ್ತಿರುವವಳಿಗೆ ನಿಮಿಷ ನೋಡುವ ತಾಳ್ಮೆ ಎಲ್ಲಿರುತ್ತೆ!

ದಿನ ತುಂಬಿದ ಚೊಚ್ಚಲ ಬಸುರಿಯಾದರೆ 5 ನಿಮಿಷಕ್ಕೊಂದು ನೋವು, ಒಂದೊಂದೂ 1 ನಿಮಿಷದಷ್ಟು, ಹೀಗೆ 1 ಗಂಟೆ ನಡೆದರೆ ಹೊರಡಲಿ. ಮೊದಲೇ ಹೆತ್ತವರು, ಆಸ್ಪತ್ರೆಯಿಂದ ದೂರ ಇರುವವರು ಅಲ್ಲಿಯವರೆಗೆ ಕಾಯುವುದು ಬೇಡ. ಎರಡನೆಯದು ಸಾಮಾನ್ಯವಾಗಿ ಬೇಗ ಆಗಿಬಿಡುತ್ತದೆ. ಅನುಮಾನವಿದ್ದರೆ ನೀರು ಕುಡಿದು, ಸ್ವಲ್ಪ ಓಡಾಡಿ, ಮಗ್ಗುಲು ಬದಲಿಸಿ ನೋಡಲಿ. ಸುಳ್ಳು ನೋವು ಹೀಗೆ ಮಾಡಿದರೆ ಸಾಮಾನ್ಯವಾಗಿ ತಗ್ಗುತ್ತದೆ. ಡಾಕ್ಟರುಗಳು ಇದನ್ನು ಬ್ರಾಕ್ಸ್‌ಟನ್ ಹಿಕ್ಸ್ ಅನ್ನುತ್ತಾರೆ, 1872ರಲ್ಲಿ ಇದನ್ನು ವಿವರಿಸಿದ ಇಂಗ್ಲಿಷ್ ವೈದ್ಯನ ಹೆಸರು ಅದು. ನಿಜವಾದ ನೋವು ಏನು ಮಾಡಿದರೂ ಬಗ್ಗುವುದಿಲ್ಲ.

ರಕ್ತದ ಎಳೆ ಬೆರೆತ ಲೋಳೆ ಹೋದರೆ ಗಾಬರಿ ಬೇಡ, ಅದಾದ ಮೇಲೂ ದಿನಗಟ್ಟಲೆ ನೋವು ಬರದೇ ಇರಬಹುದು. ನೀರು ಹೋಗುವುದು ಬೇರೆ ಮಾತು. ಸಿನಿಮಾದಲ್ಲಿ ತೋರಿಸುವ ಹಾಗೆ ಧೋ ಅಂತಲೇ ಸುರಿಯಬೇಕಿಲ್ಲ, ತೊಟ್ಟಿಕ್ಕಲೂಬಹುದು. ಮೂತ್ರವಾದರೆ ತಡೆಯಬಹುದು, ಇದನ್ನು ತಡೆಯಲಾಗುವುದಿಲ್ಲ. ಒಣ ಪ್ಯಾಡ್ ಇಟ್ಟುಕೊಂಡು ಬಣ್ಣ, ವಾಸನೆ ನೋಡಲಿ, ನೋವು ಇಲ್ಲದಿದ್ದರೂ ಬಂದು ತೋರಿಸಲಿ. ಹಸಿರು ಅಥವಾ ಕಂದು ಬಣ್ಣವಿದ್ದರೆ ತಡಮಾಡಲೇಬಾರದು. ಕೆಂಪು ರಕ್ತ ಹರಿದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ, ವಿಪರೀತ ತಲೆನೋವು ಬಂದು ಕಣ್ಣು ಮಂಜಾದರೆ, 37 ವಾರ ತುಂಬುವ ಮೊದಲೇ ನೋವು ಕ್ರಮವಾಗಿ ಬರತೊಡಗಿದರೆ ಗಡಿಯಾರದ ಲೆಕ್ಕ ಬಿಟ್ಟು ನೇರ ಆಸ್ಪತ್ರೆಗೆ.

ಇನ್ನೊಂದು ಮಾತು ನಿಮಗೆ, ನಿಮ್ಮ ಜೊತೆ ಕೆಲಸ ಮಾಡುವವರಿಗೆ. ಸುಳ್ಳು ನೋವಿಗೆ ಬಂದವಳ ಮುಂದೆ "ಇಷ್ಟಕ್ಕೆಲ್ಲ ಬರ್ತಾರಾ" ಅಂತ ಗೊಣಗಿದರೆ, ಮುಂದಿನ ಸಲ ಆಕೆ ಮನೆಯಲ್ಲೇ ಹಲ್ಲು ಕಚ್ಚಿಕೊಂಡು ಕೂರುತ್ತಾಳೆ. ತಡವಾಗಿ ಬರುವವರಲ್ಲಿ ಹೀಗೆ ಬೈಸಿಕೊಂಡವರೂ ಇರುತ್ತಾರೆ. ಗರ್ಭಕೋಶದ ಬಾಯಿ ತೆರೆಯುತ್ತಿದೆಯೋ ಇಲ್ಲವೋ ಅಂತ ನಮಗೇ ಎಷ್ಟೋ ಸಲ ಒಂದು ಪರೀಕ್ಷೆಯಲ್ಲಿ ಹೇಳಲಾಗದೆ, ಕೆಲವು ಗಂಟೆ ಬಿಟ್ಟು ಮತ್ತೆ ನೋಡುತ್ತೇವೆ. ಮನೆಗೆ ಕಳಿಸುವುದಾದರೆ ಅವರು ಬರೆದು ತಂದ ಚೀಟಿಯನ್ನು ಒಟ್ಟಿಗೆ ಕೂತು ಓದಿ, ಯಾವುದು ಬದಲಾದರೆ ವಾಪಸ್ ಬರಬೇಕು ಅಂತ ಅದರ ಮೇಲೇ ಗುರುತು ಹಾಕಿ ಕೊಡಿ.