ಕರೆ ಬಂದಿರುವುದು ಯಾರಿಗೆ?

ಪ್ರಶ್ನೆ: ನಾವು ಉಡುಪಿ ಕಡೆಯವರು. ಇಪ್ಪತ್ತು ವರ್ಷಗಳಿಂದ ಮುಂಬಯಿಯ ಡೊಂಬಿವಲಿಯಲ್ಲಿದ್ದೇವೆ. ನಾನು ನರ್ಸ್, ನನ್ನ ಪತಿ ಎಲೆಕ್ಟ್ರಿಷಿಯನ್. ಉಗಾಂಡದ ಒಂದು ಮಿಷನ್ ಆಸ್ಪತ್ರೆಯಲ್ಲಿ ಮೂರು ವರ್ಷ ಸೇವೆ ಸಲ್ಲಿಸಲು ನಮ್ಮ ಕ್ರೈಸ್ತ ಸಭೆಯ ಮೂಲಕ ಇಬ್ಬರಿಗೂ ಆಹ್ವಾನ ಬಂದಿದೆ. ಮಗಳು ಆರನೆಯ ತರಗತಿ ಮುಗಿಸುತ್ತಿದ್ದಾಳೆ, ಮಗನಿಗೆ ಐದು ವರ್ಷ. 72 ವರ್ಷದ ಅತ್ತೆ ನಮ್ಮ ಜೊತೆಗೇ ಇದ್ದಾರೆ. "ಬಾಸೆಲ್ ಮಿಷನ್ನಿನವರು ಮನೆಮಾರು ಬಿಟ್ಟು ಬಂದದ್ದರಿಂದಲೇ ನಮಗೆ ಸುವಾರ್ತೆ ಸಿಕ್ಕಿತು, ದೇವರ ಕೆಲಸದಲ್ಲಿ ಮನೆಯ ಲೆಕ್ಕ ಹಾಕಬಾರದು" ಎನ್ನುತ್ತಾರೆ ಪತಿ. ನನಗೆ ರಾತ್ರಿಯೆಲ್ಲ ಮನೆಯ ಲೆಕ್ಕವೇ. ಇದು ನಂಬಿಕೆಯ ಕೊರತೆಯೇ?
— ಒಬ್ಬ ಓದುಗಿ, ಡೊಂಬಿವಲಿ

ಉತ್ತರ: ಪ್ರಿಯ ಸಹೋದರಿ, ಇದು ನಂಬಿಕೆಯ ಕೊರತೆಯಲ್ಲ. ಬುರುಜು ಕಟ್ಟಬೇಕೆಂದಿರುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನಲ್ಲವೇ ಎಂದು ಕೇಳಿದವನು ಕ್ರಿಸ್ತನೇ. ಲೂಕನ ಸುವಾರ್ತೆಯ 14ನೆಯ ಅಧ್ಯಾಯವನ್ನು ಇಬ್ಬರೂ ಕೂಡಿ ಓದಿರಿ. ತಂದೆತಾಯಿ, ಹೆಂಡತಿ, ಮಕ್ಕಳಿಗಿಂತ ತಾನೇ ಮೊದಲೆನ್ನುವ ಕಠಿಣವಾದ ಮಾತೂ ಅದೇ ಅಧ್ಯಾಯದಲ್ಲಿದೆ, ನಿಮ್ಮ ಪತಿಯವರ ಮನಸ್ಸಿನಲ್ಲಿರುವುದು ಪ್ರಾಯಶಃ ಅದು. ಆದರೆ ಆ ಮಾತಿನ ಬೆನ್ನಿಗೇ ಈ ಲೆಕ್ಕದ ದೃಷ್ಟಾಂತ ಬರುತ್ತದೆ ಎಂಬುದನ್ನು ಅವರಿಗೆ ತೋರಿಸಿರಿ.

ಬಾಸೆಲ್ ಮಿಷನ್ನಿನವರ ಮಾತು ಬಂದದ್ದರಿಂದ ಅವರ ಮನೆಗಳ ಕಥೆಯನ್ನೂ ಹೇಳಬೇಕಾಗಿದೆ. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಷನ್ನಿನ ಕುಟುಂಬಗಳು ಶಾಲೆಯ ವಯಸ್ಸಿಗೆ ಬಂದ ಮಕ್ಕಳನ್ನು ಹಡಗು ಹತ್ತಿಸಿ ಯೂರೋಪಿಗೆ ಕಳುಹಿಸುತ್ತಿದ್ದವು. ಅಂಥ ಮಕ್ಕಳಿಗೆಂದೇ ಬಾಸೆಲ್ ನಗರದಲ್ಲಿ ವಸತಿಗೃಹವಿತ್ತು, ಮತ್ತೆ ತಂದೆತಾಯಿಯರ ಮುಖ ನೋಡಲು ಎಷ್ಟೋ ವರ್ಷಗಳು ಕಳೆಯುತ್ತಿದ್ದವು. ಅದೇ ಮಿಷನ್ನಿನ ಹರ್ಮನ್ ಗುಂಡರ್ಟರ ಮಗಳು ಮಾರೀ, ಅಂದರೆ ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿ, 1842ರಲ್ಲಿ ಮಲಬಾರಿನಲ್ಲಿ ಹುಟ್ಟಿದರೂ ಬಾಲ್ಯದ ಬಹುಭಾಗವನ್ನು ಹೀಗೆಯೇ ದೂರದಲ್ಲಿ ಕಳೆದವಳು. 1853ರಲ್ಲಿ ಬಂದ ಕಿಟೆಲ್ ಅವರ ಮೊದಲ ಪತ್ನಿ ಪೌಲೀನ್ 1864ರಲ್ಲಿಯೇ ತೀರಿಕೊಂಡರು. ಕಿಟೆಲ್ ಅವರ 1894ರ ಕನ್ನಡ ನಿಘಂಟನ್ನು ನಾವು ಇಂದಿಗೂ ಕಣ್ಣಿಗೊತ್ತಿಕೊಳ್ಳುತ್ತೇವೆ, ಒತ್ತಿಕೊಳ್ಳಬೇಕಾದದ್ದೇ. ಆದರೆ ಆ ತಲೆಮಾರಿನ ತಾಯಂದಿರೂ ಮಕ್ಕಳೂ ತೆತ್ತದ್ದನ್ನು ಮರೆತು ಅವರ ಮಾದರಿಯನ್ನು ಎತ್ತಿ ಹಿಡಿಯುವುದು ನನಗೆ ನ್ಯಾಯವೆನಿಸುವುದಿಲ್ಲ. ಅಂದು ಅವರಿಗೆ ಬೇರೆ ದಾರಿ ಇರಲಿಲ್ಲ. ನಿಮಗೆ ಇದೆ.

ನಾನೂ ನನ್ನ ಪತಿಯೂ ಉಗಾಂಡದ ಒಂದು ಮಿಷನ್ ಶಾಲೆಯಲ್ಲಿ ಆರು ವರ್ಷ ಇದ್ದು, ಈಗ ಪುಣೆಯಲ್ಲಿದ್ದೇವೆ. ಉಗಾಂಡದಲ್ಲಿ ನನ್ನ ದಿನದ ದೊಡ್ಡ ಕೆಲಸ ಇಸ್ತ್ರಿ ಎಂದರೆ ನೀವು ನಂಬಲಿಕ್ಕಿಲ್ಲ. ಹೊರಗೆ ಒಣಹಾಕಿದ ಹಸಿ ಬಟ್ಟೆಯ ಮೇಲೆ ಮ್ಯಾಂಗೋ ಫ್ಲೈ ಎಂಬ ನೊಣ ಮೊಟ್ಟೆಯಿಡುತ್ತದೆ. ಅದರ ಹುಳು ಚರ್ಮದೊಳಗೆ ಸೇರಿ ಕುರುವಿನಂತೆ ಬಾಯುತ್ತದೆ. ಆದ್ದರಿಂದ ಒಳಉಡುಪಿನಿಂದ ಹಿಡಿದು ಟವೆಲ್ಲಿನವರೆಗೆ ಪ್ರತಿಯೊಂದಕ್ಕೂ, ಹೊಲಿಗೆಯ ಮಡಿಕೆಗಳನ್ನೂ ಬಿಡದೆ, ಬಿಸಿ ಇಸ್ತ್ರಿ ಒತ್ತಬೇಕು. ಒಮ್ಮೆ ಅವಸರದಲ್ಲಿ ಮಗನ ಬನಿಯನ್ನಿನ ಒಂದೇ ಬದಿಗೆ ಇಸ್ತ್ರಿ ಹಾಕಿದ್ದೆ; ವಾರ ಕಳೆಯುವುದರೊಳಗೆ ಅವನ ಬೆನ್ನಿನ ಮೇಲೆ ಮೂರು ಗುಳ್ಳೆಗಳೆದ್ದವು. ಆ ರಾತ್ರಿ ನಾನು ಪ್ರಾರ್ಥಿಸಲಿಲ್ಲ, ಅತ್ತುಬಿಟ್ಟೆ. ಮರುದಿನ ನೆರೆಮನೆಯ ಅಜ್ಜಿ ಬಂದು ಗುಳ್ಳೆಗಳ ಬಾಯಿಗೆ ವ್ಯಾಸಲೀನ್ ಹಚ್ಚಿ, ಹುಳುಗಳನ್ನು ಒಂದೊಂದಾಗಿ ಹೊರತೆಗೆದು, ಬಾಳೆಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಮಟೋಕೆ ಎಂಬ ಬಾಳೆಕಾಯಿಯ ಅಡುಗೆಯನ್ನು ಅವನಿಗೆ ತಿನ್ನಿಸಿದರು. ಬಾಳೆಕಾಯಿಯನ್ನು ಮುಟ್ಟದ ಹುಡುಗ ಅಂದಿನಿಂದ ಅದನ್ನೇ ಕೇಳತೊಡಗಿದ. ಮುಂದೆ ಫೋನಿನಲ್ಲಿ ತನ್ನ ಸ್ವಂತ ಅಜ್ಜಿಯನ್ನೂ ಅಲ್ಲಿಯ ಲುಗಾಂಡ ಮಾತಿನಲ್ಲಿ "ಜಾಜಾ" ಎಂದು ಕರೆದಾಗ ನನ್ನ ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಆ ಮೌನಕ್ಕೆ ಕಾರಣ ನಾನೇ: ಮನೆಯಲ್ಲಿ ಕನ್ನಡ ಮಾತಾಡಿಸುವುದನ್ನು ದಣಿವಿನ ನೆಪದಲ್ಲಿ ಬಿಟ್ಟಿದ್ದೆ. ನೀವು ಬಿಡಬೇಡಿರಿ.

ಅವಧಿಯ ವಿಷಯದಲ್ಲಿ ನನ್ನ ಸಲಹೆ ಖಚಿತವಾದದ್ದು: ಮೂರು ವರ್ಷಕ್ಕಲ್ಲ, ಮೊದಲು ಎರಡು ವರ್ಷಕ್ಕೆ ಒಪ್ಪಿಕೊಳ್ಳಿರಿ. ಮೂರು ವರ್ಷವಾದರೆ ಮಗಳು ನೇರವಾಗಿ ಹತ್ತನೆಯ ತರಗತಿಗೆ ಬಂದು ನಿಲ್ಲುತ್ತಾಳೆ, ಸಿಬಿಎಸ್‌ಇ ಶಾಲೆಗಳಲ್ಲಿ ಆ ಪರೀಕ್ಷೆಗೆ ಒಂಬತ್ತರಲ್ಲಿಯೇ ನೋಂದಣಿ ಆಗಬೇಕು. ಎರಡು ವರ್ಷವಾದರೆ ಒಂಬತ್ತಕ್ಕೆ ಸರಿಯಾಗಿ ಬರುತ್ತಾಳೆ. ಅಲ್ಲಿಯ ಶಾಲಾ ವರ್ಷ ಫೆಬ್ರವರಿಯ ಸುಮಾರಿಗೆ ಆರಂಭವಾಗುವುದರಿಂದ ನಡುವೆ ಕೆಲವು ತಿಂಗಳು ಮನೆಪಾಠ ಅನಿವಾರ್ಯ. ನೀವು ಅಲ್ಲಿಯ ನರ್ಸ್ ಮತ್ತು ಸೂಲಗಿತ್ತಿಯರ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳದೆ ಕೆಲಸ ಮಾಡುವಂತಿಲ್ಲ. ಆ ಕಾಗದಗಳನ್ನು ಈಗಲೇ ಆರಂಭಿಸಿರಿ. ಹಳದಿ ಜ್ವರದ ಲಸಿಕೆಯನ್ನು ನಾಲ್ವರೂ ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮೊದಲು, ಸರ್ಕಾರ ಅಧಿಕೃತಗೊಳಿಸಿದ ಕೇಂದ್ರದಲ್ಲಿಯೇ ಹಾಕಿಸಿಕೊಂಡು ಪ್ರಮಾಣಪತ್ರವನ್ನು ಪಾಸ್‌ಪೋರ್ಟಿನ ಜೊತೆಗಿಡಿರಿ. ಮರಳಿ ಬರುವಾಗ ನಮ್ಮ ವಿಮಾನನಿಲ್ದಾಣದಲ್ಲೂ ಅದನ್ನು ಕೇಳುತ್ತಾರೆ. ಮಲೇರಿಯಾ ಅಲ್ಲಿ ವರ್ಷವಿಡೀ ಇರುವುದರಿಂದ ಸೊಳ್ಳೆಪರದೆಯಿಲ್ಲದೆ ಒಂದು ರಾತ್ರಿಯೂ ಮಲಗಬೇಡಿರಿ.

ಇನ್ನು ಅತ್ತೆಯವರ ವಿಷಯ. ಇಡೀ ಪತ್ರದಲ್ಲಿ ಅವರು ಏನೆನ್ನುತ್ತಾರೆ ಎಂಬ ಒಂದು ವಾಕ್ಯವೂ ಇಲ್ಲ. ಮಗಳ ಮಾತೂ ಇಲ್ಲ. ಆಹ್ವಾನದ ಕಾಗದದಲ್ಲಿ ಎರಡು ಹೆಸರುಗಳಿರಬಹುದು, ಆದರೆ ಹೋಗುವವರು ನಾಲ್ವರು, ಉಳಿಯುವವರು ಒಬ್ಬರು, ಆದ್ದರಿಂದ ಕರೆ ಐವರಿಗೂ ಬಂದಿದೆ ಎಂದು ನಾನು ನಂಬುತ್ತೇನೆ. ಒಂದು ಸಂಜೆ ಮನೆಪ್ರಾರ್ಥನೆ ಮುಗಿದ ಮೇಲೆ ಟಿ.ವಿ. ಹಾಕದೆ ಐವರೂ ಕುಳಿತು, ತೀರ್ಮಾನ ಆಗಿಹೋಗಿದೆ ಎಂಬ ಧ್ವನಿಯಲ್ಲಿ ಅಲ್ಲ, ನಿಜವಾಗಿ ಕೇಳುವ ಧ್ವನಿಯಲ್ಲಿ ಕೇಳಿರಿ. ಅತ್ತೆಯವರು ಯಾರ ಮನೆಯಲ್ಲಿರುತ್ತಾರೆ, ಅವರ ಔಷಧಿ ತಂದುಕೊಡುವವರು ಯಾರು, ರಾತ್ರಿ ಎದೆನೋವು ಬಂದರೆ ಯಾರ ಬಾಗಿಲು ತಟ್ಟಬೇಕು ಎಂಬುದಕ್ಕೆ ಹೆಸರುಗಳು ಬೇಕು. "ಸಭೆಯವರು ನೋಡಿಕೊಳ್ಳುತ್ತಾರೆ" ಎಂಬ ಉತ್ತರ ಸಾಲದು. ಉಗಾಂಡದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಅತ್ತೆಯವರು ಇಲ್ಲಿ ಸಂಜೆ ಏಳೂವರೆಗೆ ಸತ್ಯವೇದ ತೆರೆದಾಗ ಅಲ್ಲಿ ಐದು ಗಂಟೆ, ಮಕ್ಕಳು ಶಾಲೆಯಿಂದ ಬಂದಿರುತ್ತಾರೆ. ಫೋನಿನಲ್ಲಿ ಜೊತೆಗೂಡಿ ಪ್ರಾರ್ಥಿಸಲು ಅದು ಒಳ್ಳೆಯ ಹೊತ್ತು, ಕನ್ನಡದಲ್ಲಿಯೇ. ಅತ್ತೆಯವರೂ ಮಗಳೂ ಮನಸ್ಸು ಬಿಚ್ಚಿ ಉತ್ತರ ಕೊಟ್ಟ ಮೇಲೆಯೇ ಸಭಾಪಾಲಕರಿಗೆ ನಿಮ್ಮ ಉತ್ತರವನ್ನು ಬರೆಯಿರಿ.